ಗುಡಿಸದ ಕೂದಲು

ಮಲೇಷ್ಯಾದ ಪೆಟಾಲಿಂಗ್ ಜಯಾ. ಲಾಕ್‌ಡೌನ್ ಮುಗಿದರೂ ಮಾಸ್ಕ್ ಇನ್ನೂ ಹೋಗಿಲ್ಲ. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದವನು ಬರ್ಮಾದವನು, ಕೆಲಸ ಅಚ್ಚುಕಟ್ಟು. ಆದರೆ ನಾನು ಎದ್ದು ನಿಂತರೂ ನನ್ನ ಕೂದಲು ಬಿದ್ದಲ್ಲೇ ಬಿದ್ದಿತ್ತು. ಪೊರಕೆ ಹಿಡಿದುಕೊಂಡು ಅವನು ಸುಮ್ಮನೆ ನಿಂತಿದ್ದ. ಕತ್ತರಿಸಿದ ಕೂದಲು ತುಳಿಯಬಾರದೆಂದು ಕೇಳಿಕೊಂಡೇ ಬೆಳೆದ ನನಗೆ ಸಿಡುಕು ಬಂತು.

"ಗುಡಿಸೋಕೇನು ಇವನಿಗೆ?" ಎಂದೆ, ಜೊತೆಗಿದ್ದ ಮಣಿಪಾಲದ ಗೆಳೆಯನಿಗೆ. ಅವನು ಈ ಅಂಗಡಿಯ ಹಳೇ ಗಿರಾಕಿ.

"ನಾವು ಹೋಗದೆ ಅವ ಗುಡಿಸುವುದಿಲ್ಲ ಮಾರಾಯ. ಅವನ ಊರಲ್ಲಿ ಸಿವಿಲ್ ವಾರ್ ಅಲ್ವಾ? ಊರವರೇ ಕಟ್ಟಿದ ಪಡೆಯಲ್ಲಿದ್ದ. ಬೇಟೆ ಕೋವಿ ಹಿಡ್ಕೊಂಡು ಯುದ್ಧ."

ಪಡೆಯ ಕ್ಷೌರಿಕನೂ ಇವನೇ ಅಂತೆ. ಕಾದಾಟಕ್ಕೆ ಹೊರಡುವ ಮುನ್ನ ಎಲ್ಲರ ತಲೆಗೂ ಇವನದೇ ಕತ್ತರಿ. ಅವರು ಮರಳುವ ತನಕ ಕೂದಲು ಮುಟ್ಟುವಂತಿಲ್ಲ, ಅಪಶಕುನ. ಮರಳಿದವರು ತಂತಮ್ಮ ಕೂದಲನ್ನು ತಾವೇ ಗುಡಿಸಿ ನಗುತ್ತಿದ್ದರಂತೆ.

"ಕೊನೆಯ ಸಲ ಯಾರು ಗುಡಿಸಿದ್ರು?" ಎಂದು ಇಂಗ್ಲಿಷಿನಲ್ಲಿ ಅವನನ್ನೇ ಕೇಳಿದೆ.

"ಯಾರೂ ಇಲ್ಲ. ಹಾಗೇ ಬಾಗಿಲು ಹಾಕಿ ಬಂದೆ," ಎಂದ. ಅವನ ಇಂಗ್ಲಿಷ್ ಹರಕು, ಮಾಸ್ಕಿನ ಮೇಲಿನ ಕಣ್ಣಲ್ಲಿ ಯಾವ ಭಾವವೂ ಇರಲಿಲ್ಲ. "ಇಲ್ಲಿ ನೀವು ರಸ್ತೆ ದಾಟಿದ್ರೆ ಸಾಕು ಲಾ," ಎಂದ, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಎದುರಿನ ಮಾಮಕ್ ಹೋಟೆಲಿನಲ್ಲಿ ಚಹಾ ಕುಡಿಯೋಣವೆಂದು ಹೊರಟೆವು. ನಡು ರಸ್ತೆಯಲ್ಲಿ ಬೈಕೊಂದು ಮೈ ಸವರಿದಂತೆ ಹೋಯಿತು. ಆಚೆ ದಡ ಸೇರಿ ತಿರುಗಿ ನೋಡಿದೆ. ಗಾಜಿನ ಹಿಂದೆ ಅವನು ನಮ್ಮನ್ನೇ ನೋಡುತ್ತಿದ್ದ. ಗೆಳೆಯ ಕೈ ಎತ್ತಿದ.

ಆಮೇಲೆ ಪೊರಕೆ ಅಲುಗಿತು.