ಏಳದೆ ಉಳಿದ ಗೆರೆ

ಇದನ್ನು ಬರೆಯುವುದನ್ನು ನಾನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಮೊದಲು ಕಣ್ಣಿನ ಆಪರೇಷನ್ನಿನ ನೆಪ, ಆಮೇಲೆ ಮೊಮ್ಮಗಳ ಮದುವೆಯ ನೆಪ. ಮೊನ್ನೆ ಬನಹಟ್ಟಿಯ ನನ್ನ ಶೆಡ್ಡಿನ ಹಳೆಯ ಮಗ್ಗಗಳನ್ನು ಗುಜರಿಯವನಿಗೆ ಕೊಡುವಾಗ, ನೂಲು ಸುತ್ತಿದ ಕಂಡಿಕೆ ತುಂಬಿಡುವ ಪೆಟ್ಟಿಗೆಯ ಹಿಂದಿನಿಂದ ಒಂದು ಸುರುಳಿ ಬಿತ್ತು. ಸೆರಗಿನ ನಕಾಶೆ ಬರೆಯಲು ನಾವು ತರಿಸುವ ಗ್ರಾಫ್ ಹಾಳೆ. ಬಿಚ್ಚಿದರೆ ಮಗ್ಗದ ಎಣ್ಣೆಯ ವಾಸನೆ, ಗಂಜಿಯ ಹುಳಿ ವಾಸನೆ... ಅದರ ಮೇಲೆ ನಕಾಶೆ ಇರಲಿಲ್ಲ. ಪೆನ್ಸಿಲ್ಲಿನ ಚುಕ್ಕೆಗಳಿದ್ದವು, ಚುಕ್ಕೆ ಕೂಡಿಸಿದ ಐದು ಗೆರೆಗಳಿದ್ದವು. ನೆಪಗಳು ಅಲ್ಲಿಗೆ ಮುಗಿದವು.

ಅದು ನಮ್ಮ ಲೆಕ್ಕದ ಮಾಸ್ತರರ ಹಾಳೆ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ನನ್ನ ಶೆಡ್ಡಿನ ಹಿಂದಿನ ಓಣಿಯಲ್ಲೇ ಹೆಂಡತಿಯ ಜೊತೆ ಇದ್ದರು. ಕೊರೊನಾದ ಮೊದಲ ಅಲೆ ಇಳಿದು ಊರು ಉಸಿರು ಬಿಡುತ್ತಿದ್ದ ದಿನಗಳಲ್ಲಿ, ಮಾಸ್ಕಿನ ಮೇಲೆ ಟಾವೆಲ್ಲನ್ನೂ ಸುತ್ತಿಕೊಂಡು ಬಂದು ಬಾಗಿಲಾಚೆ ನಿಂತರು.

"ಸರಕಾರದ ಲೆಕ್ಕ ತಡಾ ಆಗಿ ಬರ್ತೈತೋ. ಮಂದಿ ದಮ್ಮ ಹತ್ತಿದ ಮ್ಯಾಲ ಪರೀಕ್ಷಾ ಮಾಡಸ್ತಾರ. ಆದ್ರ ನೇಕಾರ ನೇಯ್ದ ಮೀಟರಿನ ಮ್ಯಾಲ ಕೂಲಿ ತಗೊಳ್ಳಾಂವ. ನೆಗಡಿ ಬಂತಂತ ಮಗ್ಗಾ ಬಿಡಾಂವಲ್ಲ. ಅಂವ ಬಿಟ್ಟಾನಂದ್ರ ಖರೇನ ಜ್ವರಾ ಬಂದಾವ ಅಂತ ತಿಳಿ. ವಾರಕ್ಕೊಮ್ಮೆ ಯಾರ್ ಬಂದಿಲ್ಲ ಅಷ್ಟ ಹೇಳು. ಮುಂದಿನ ಅಲಿ ಯಾವಾಗಂತ ನಾ ಹೇಳ್ತೀನಿ."

"ಮಳಿ ಬರೂದನ್ನ ಹೇಳಾಕ ಆಗವಲ್ತು, ನೀವು ರೋಗಾ ಹೇಳ್ತೀರೇನ್ರಿ ಸರ?" ಎಂದೆ.

"ಲೇ, ಮೂವತ್ತೈದಕ್ಕ ಪಾಸಾದಾಂವ ನೀ. ಸುಮ್ನ ಎಣಿಸಿ ಹೇಳು."

ಇಬ್ಬರೂ ನಕ್ಕೆವು. ಗ್ರಾಫ್ ಹಾಳೆ ನಾನೇ ಕೊಟ್ಟೆ.

ಅವರದು ಹುಚ್ಚಲ್ಲವೆಂದು ನನಗೆ ಬೇಗ ತಿಳಿಯಿತು. ರಬಕವಿಯ ಎರಡು, ಬನಹಟ್ಟಿಯ ಮೂರು ಶೆಡ್ಡುಗಳ ಹಳೆಯ ಹಾಜರಿ ಪುಸ್ತಕ ತಿರುವಿ, ಮೊದಲ ಅಲೆಯ ಹೊತ್ತಿಗೆ ಏನಾಗಿತ್ತೆಂದು ಚುಕ್ಕೆ ಇಟ್ಟರು. ಆಸ್ಪತ್ರೆಗಳು ತುಂಬುವುದಕ್ಕೆ ಎಷ್ಟೋ ದಿನ ಮೊದಲೇ ಮಗ್ಗದವರ ಗೈರುಹಾಜರಿ ಏರಿತ್ತು. ಅಂದಿನಿಂದ ಪ್ರತಿ ಸೋಮವಾರ ಕೊಡೆ ಹಿಡಿದು ಐದೂ ಶೆಡ್ಡು ಸುತ್ತುವುದು, ಕೇಳುವುದು, ಚುಕ್ಕೆ ಇಡುವುದು. ಚಹಾದಂಗಡಿಯಲ್ಲಿ ಕುಳಿತವರು ಅವರನ್ನು ಪಂಚಾಂಗದ ಮಾಸ್ತರ ಎಂದು ಕಾಡುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ.

ಮರುವರ್ಷ ಬೇಸಿಗೆ ಏರುವಾಗ, ಮದುವೆಯ ಹಂಗಾಮಿಗೆ ಸೀರೆಗಳ ಬೇಡಿಕೆ ಜೋರಾಗಿದ್ದಾಗ, ನನ್ನ ಮೂವರು ನೇಕಾರರು ಒಂದೇ ವಾರದಲ್ಲಿ ಜ್ವರ ಹಿಡಿದು ಮಲಗಿದರು. ಮುಂದಿನ ವಾರ ಇನ್ನಿಬ್ಬರು. ಮೊದಲ ಅಲೆಯ ಹೊತ್ತಿಗೆ ಬೇಡಿಕೆಯಿಲ್ಲದೆ ಮಲಗಿದವನ ಮಗ್ಗವೂ ನಿಂತಿತ್ತು; ಹಂಗಾಮಿನಲ್ಲಿ ಮಾತ್ರ ನಮ್ಮಲ್ಲಿ ನೇಕಾರ ಮಲಗಿದರೂ ಮಗ್ಗ ನಿಲ್ಲುವುದಿಲ್ಲ. ಅವನ ಹೆಂಡತಿ ಬರುತ್ತಾಳೆ, ಇಲ್ಲವೆ ಭಾವಮೈದುನ ಬರುತ್ತಾನೆ. ನೇಯ್ದದ್ದು ಮಾತ್ರ ಮಲಗಿದವನ ಹೆಸರಿಗೇ ಬರೆಯುತ್ತೇವೆ. ಹಾಜರಿಯಲ್ಲಿ ಅವನು ಬಂದಂತೆಯೇ. ಇದು ಮಾಸ್ತರರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಿಜ ಹೇಳಿದರೆ ಶೆಡ್ಡಿಗೆ ಬೀಗ ಬೀಳುತ್ತದೆ ಎಂಬುದೂ ಗೊತ್ತಿತ್ತು.

ಸೋಮವಾರ ಅವರು ಬಂದರು. "ಎಲ್ಲಾರೂ ಬಂದಾರೇನೋ?"

"ಎಲ್ಲಾರೂ ಅದಾರ್ರಿ ಸರ. ಮಗ್ಗದ ಸಪ್ಪಳ ಕೇಳಸವಲ್ತೇನ್ರಿ?"

ಅವರು ಬಾಗಿಲಲ್ಲೇ ಕಿವಿಗೊಟ್ಟು ನಿಂತರು. ಹನ್ನೆರಡು ಮಗ್ಗಗಳೂ ಬಡಿಯುತ್ತಿದ್ದವು. "ಛಲೋ ಆತು," ಎಂದು ಚುಕ್ಕೆಯನ್ನು ಕೆಳಗೇ ಇಟ್ಟರು. ಹೀಗೆ ನಾಲ್ಕು ಸೋಮವಾರ. ಲೆಕ್ಕ ತಪ್ಪಿ ಹೇಳಿದ್ದಲ್ಲ ಅದು, ಬಾಯಿ ತಪ್ಪಿಯೂ ಅಲ್ಲ. ನಾಲ್ಕು ಸಲವೂ ಅವರ ಕಣ್ಣು ನೋಡಿ ಹೇಳಿದ ಸುಳ್ಳು.

ಮುಧೋಳದಲ್ಲಿ ಅವರ ಹೆಂಡತಿಯ ಅಕ್ಕನ ಮನೆಯ ಮದುವೆಯಿತ್ತು. ಆ ತಾಯಿ ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿದ್ದರು. ಮಾಸ್ತರರು ಹಾಳೆ ತೋರಿಸಿ, "ಇನ್ನೊಂದು ತಿಂಗಳ ಏನೂ ಆಗೂದಿಲ್ಲ, ಹೋಗಿ ಬಾ," ಎಂದು ಬಸ್ಸು ಹತ್ತಿಸಿದರು. ಐದನೆಯ ದಿನ ಆ ತಾಯಿ ಜ್ವರ ಹೊತ್ತು ಮರಳಿದರು. ಜಮಖಂಡಿಯ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ತಿರುಗಿ ಬರಲಿಲ್ಲ... ಮಾಸ್ತರರಿಗೆ ಮುಖವನ್ನೂ ನೋಡಲು ಸಿಗಲಿಲ್ಲ.

ಆ ಅಲೆ ಇಳಿದ ಮೇಲೆ ಚಹಾದಂಗಡಿಯಲ್ಲಿ ಒಬ್ಬ, "ಏನ್ರಿ ಸರ, ಕಾಕೂನ ಮದುವಿಗಿ ಕಳಿಸೂ ಮುಂದ ನಿಮ್ಮ ಗೆರಿ ನಿದ್ದಿ ಮಾಡ್ತಿತ್ತೇನ್ರಿ?" ಎಂದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವತ್ತಿನ ಆ ನನ್ನ ಬಾಯಿಯನ್ನು ಇವತ್ತು ಹಿಡಿದು ಹರಿಯಬೇಕು ಅನಿಸುತ್ತದೆ.

ಕೆಲ ದಿನಗಳ ನಂತರ ಅವರು ಸುರುಳಿ ಹಿಡಿದು ಶೆಡ್ಡಿಗೆ ಬಂದರು. ಗಡ್ಡ ಬೆಳೆದಿತ್ತು. ಕಲಿಸಿದವರು ಕಲಿತವನನ್ನು ಕೇಳಿದರು: "ಎಲ್ಲಿ ತಪ್ಪೀನೋ ನಾ? ನನಗ ತಿಳೀವಲ್ತು. ನೀನರ ನೋಡಿ ಹೇಳು."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಹಾಳೆ ನೋಡಿದಂತೆ ಮಾಡಿ, "ವಯಸ್ಸಾತ್ರಿ ಸರ. ಲೆಕ್ಕ ಹೆಚ್ಚು ಕಮ್ಮಿ ಆಗ್ತೈತಿ. ಬಿಟ್ಟಬಿಡ್ರಿ," ಎಂದೆ. ಅವರು ತಲೆಯಾಡಿಸಿದರು. ಹಾಳೆ ಅಲ್ಲೇ ಬಿಟ್ಟು ಹೋದರು. ಆಮೇಲೆ ಓಣಿಯ ಹುಡುಗರಿಗೆ ಲೆಕ್ಕ ಹೇಳಿಕೊಡುವುದನ್ನೂ ನಿಲ್ಲಿಸಿದರು. ಎರಡು ಚಳಿಗಾಲ ಕಳೆದು ಅವರೂ ಹೋದರು.

ಮೊನ್ನೆ ಆ ಹಾಳೆಯನ್ನು ಮೊದಲ ಬಾರಿಗೆ ಪೂರ್ತಿ ನೋಡಿದೆ. ಐದು ಗೆರೆಗಳಲ್ಲಿ ಎರಡು, ರಬಕವಿಯ ಸಣ್ಣ ಶೆಡ್ಡುಗಳವು, ಆ ನಾಲ್ಕು ಸೋಮವಾರ ಮೇಲಕ್ಕೆ ಏರಿವೆ. ಆ ಬಡವರು ನಿಜ ಹೇಳಿದ್ದರು. ಬನಹಟ್ಟಿಯ ಮೂರೂ ನೆಲಕ್ಕೆ ಅಂಟಿಕೊಂಡಿವೆ, ನನ್ನದೂ. ನನ್ನ ಗೆರೆಯ ಪಕ್ಕದಲ್ಲಿ ಮಾಸ್ತರರ ದುಂಡಗಿನ ಅಕ್ಷರ: "ದೊಡ್ಡ ಶೆಡ್ಡು. ನನ್ನ ವಿದ್ಯಾರ್ಥಿ, ನಂಬಬಹುದು. ಇವನ ಲೆಕ್ಕವನ್ನು ಮೂರು ಪಟ್ಟು ಹಿಡಿಯುವುದು."

ಅವರ ಮೇಲೂ ಸಿಟ್ಟು ಬಂತು. ಯಾಕೆ ನಂಬಿದಿರಿ ಸರ? ಮೂವತ್ತೈದಕ್ಕೆ ಪಾಸಾದವನನ್ನು?

ಮಧ್ಯಾಹ್ನವೆಲ್ಲ ಕುಳಿತು, ಅವರು ಮಾಡಿದಂತೆಯೇ ಮತ್ತೆ ಲೆಕ್ಕ ಹಾಕಿದೆ. ನನ್ನ ಶೆಡ್ಡಿನ ನಿಜವಾದ ಸಂಖ್ಯೆ ನನ್ನ ತಲೆಯಲ್ಲಿ ಇನ್ನೂ ಇದೆ, ಅದು ಎಲ್ಲಿಗೆ ಹೋಗುತ್ತದೆ? ಆ ಚುಕ್ಕೆಗಳನ್ನು ಮೂರು ಪಟ್ಟು ಹಿಡಿದು, ಐದೂ ಶೆಡ್ಡು ಕೂಡಿಸಿ ಗೆರೆ ಎಳೆದರೆ ಅದು ಎರಡನೆಯ ಸೋಮವಾರವೇ ಎದ್ದು ನಿಲ್ಲುತ್ತದೆ. ಮುಧೋಳದ ಮದುವೆಗೆ ಆಗ ಇನ್ನೂ ಹದಿನೈದು ದಿನವಿತ್ತು.

ಚಹಾದಂಗಡಿಯಲ್ಲಿ ಇಂದಿಗೂ ಎಲ್ಲಾದರೂ ಹೊಸ ಜ್ವರದ ಸುದ್ದಿ ಬಂದರೆ ಯಾರೋ ಪಂಚಾಂಗದ ಮಾಸ್ತರರನ್ನು ನೆನೆದು ನಗುತ್ತಾರೆ. ನಿನ್ನೆ ಎದ್ದು ನಿಂತು ಎಲ್ಲವನ್ನೂ ಹೇಳಿದೆ. "ಹೋಗ್ಲಿ ಬಿಡ್ರಿ ಕಾಕಾ, ಆಗ ಎಲ್ಲಾರೂ ಹಂಗ ಮಾಡ್ಯಾರ," ಎಂದು ನನ್ನ ಮುಂದೆ ಚಹಾ ಸರಿಸಿದರು. ಆ ಚಹಾ ನಾನು ಕುಡಿಯಲಿಲ್ಲ. ಎಲ್ಲರೂ ಮಾಡಿರಲಿಲ್ಲ. ರಬಕವಿಯ ಇಬ್ಬರು ಮಾಡಿರಲಿಲ್ಲ. ಬಿಡು ಅನ್ನುವ ಹಕ್ಕಿದ್ದವರು ಮಾಸ್ತರರು, ಆ ತಾಯಿ ಇಬ್ಬರೇ, ಇಬ್ಬರೂ ಈಗ ಇಲ್ಲ.

ಊರು ಅವರನ್ನು ಅಡ್ಡಹೆಸರಿನಿಂದಲೇ ಕರೆಯಿತು, ನಾನು ಸರ ಎನ್ನುತ್ತಿದ್ದೆ. ಅವರ ಲೆಕ್ಕ ತಪ್ಪಿರಲಿಲ್ಲ. ಹಾಳೆಯ ಮೂಲೆಯಲ್ಲಿ ಅವರು ಬರೆಯದೆ ಬಿಟ್ಟ ಹೆಸರನ್ನು ಇಂದು ನನ್ನ ಕೈಯಾರೆ ಬರೆದಿದ್ದೇನೆ: ಗುರುಪಾದಪ್ಪ ಮಾಸ್ತರ.