ಕಪ್ಪಾದ ಕಬ್ಬಿಣ

ಕೆಂಪಗಿರುವ ಕಬ್ಬಿಣಕ್ಕೆ ಯಾರೂ ಕೈ ಹಾಕುವುದಿಲ್ಲ. ಕೈ ಸುಟ್ಟುಕೊಳ್ಳುವವರೆಲ್ಲ ಕಪ್ಪಾದ ಕಬ್ಬಿಣ ಮುಟ್ಟಿದವರೇ. ಭದ್ರಾವತಿಯ ಸಣ್ಣದೊಂದು ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಅಚ್ಚಿನ ಮರಳು ಹದ ಮಾಡಿದ ದ್ಯಾಮಮ್ಮನಿಗೆ ಇದು ಚೆನ್ನಾಗಿ ಗೊತ್ತು. ಅಚ್ಚು ಒಡೆದು ತೆಗೆದ ಎರಕ ಎಷ್ಟೇ ತಣ್ಣಗೆ ಕಂಡರೂ, ನಾಲ್ಕು ಹನಿ ನೀರು ಚಿಮುಕಿಸಿ ಚುರ್ ಎನ್ನುತ್ತದೆಯೇ ಎಂದು ಕೇಳದೆ ಮುಟ್ಟಿದವಳಲ್ಲ. ಗಂಡ ಕೃಷ್ಣಪ್ಪ ಅದೇ ಶೆಡ್ಡಿನಲ್ಲಿ ಕರಗಿದ ಕಬ್ಬಿಣ ಹೊಯ್ಯುವವನು. "ಈ ಮಾರಾಯ್ತಿ ತಟ್ಟೇಲಿರೋ ಮುದ್ದೆಗೂ ನೀರು ಚಿಮುಕಿಸ್ತಾಳೆ" ಎಂದು ರೇಗಿಸುತ್ತಿದ್ದ.

ಆ ಕೃಷ್ಣಪ್ಪನ ಮೇಲೆಯೇ ಒಂದು ದಿನ ಕರಗಿದ ಕಬ್ಬಿಣ ತುಳುಕಿತು. ಎದೆ, ತೊಡೆ, ಎರಡೂ ಕಾಲು ಬೆಂದುಹೋದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಂಟು ದಿನ ಮೈ ಕೆಂಡವಾಗಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಒಳಗೆ ಹೋಗಿ ಬಂದ ಮೈದುನ ಪುಟ್ಟಪ್ಪ, "ಅತ್ತಿಗೆ, ಜ್ವರ ಬಿಡ್ತು! ಅಣ್ಣನ ಮೈ ತಣ್ಣಗಿದೆ" ಎಂದವನೇ ನೆಂಟರಿಗೆಲ್ಲ ಫೋನ್ ಹಚ್ಚಿದ.

ದ್ಯಾಮಮ್ಮ ಗೌನು, ಗ್ಲೌಸು ತೊಟ್ಟು ಒಳಗೆ ಹೋದಳು. ಹಣೆ ನಿಜಕ್ಕೂ ತಣ್ಣಗಿತ್ತು. ಇನ್ನೇನು ದೇವರಿಗೆ ಕೈ ಮುಗಿಯಬೇಕು, ಅಷ್ಟರಲ್ಲಿ ಕೃಷ್ಣಪ್ಪ ಕಣ್ಣು ಬಿಟ್ಟು, "ಮರಳು ಒಣಗ್ತಾ?" ಎಂದ. ಫೌಂಡ್ರಿಯಲ್ಲೇ ನಿಂತವನಂತೆ ಮತ್ತೆ ಅದನ್ನೇ ಕೇಳಿದ. ಎದುರಿಗಿರುವುದು ಹೆಂಡತಿ ಎಂದೇ ಅವನಿಗೆ ತಿಳಿಯಲಿಲ್ಲ. ಉಸಿರು ಕುಲುಮೆಯ ತಿದಿಯಂತೆ ಎದ್ದು ಬೀಳುತ್ತಿತ್ತು. ದ್ಯಾಮಮ್ಮ ಓಡಿಹೋಗಿ ನರ್ಸ್ ಹೇಮಶ್ರೀಯನ್ನು ಹಿಡಿದಳು.

"ಸಿಸ್ಟರ್, ಬೇಗ ಬನ್ನಿ. ಮೇಲೆ ತಣ್ಣಗಿದೆ ಅಷ್ಟೇ, ಒಳಗೆ ಆರಿಲ್ಲ."

ಪುಣ್ಯಕ್ಕೆ ಹೇಮಶ್ರೀ ನಗಲಿಲ್ಲ. ನೋಡಿದರೆ ಮೂವತ್ತೇಳು ಡಿಗ್ರಿ ಇರಬೇಕಾದ ಮೈ ಶಾಖ ಮೂವತ್ತೈದಕ್ಕೆ ಇಳಿದಿತ್ತು, ಬಿಪಿ ಕುಸಿಯುತ್ತಿತ್ತು. ಓಡಿಬಂದ ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ರಿಪೋರ್ಟಿಗೂ ಕಾಯದೆ ಔಷಧಿ ಏರಿಸಿದರು. ಎರಡು ದಿನಕ್ಕೆ, ಆ ರಕ್ತ ಹಾಕಿಟ್ಟ ಲ್ಯಾಬಿನ ಬಾಟಲಿಯಲ್ಲಿ ಕ್ರಿಮಿ ಬೆಳೆದು ಮುಖ ತೋರಿಸಿತು.

"ಚರ್ಮ ಅಂದ್ರೆ ಗೋಡೆ ಅಮ್ಮ. ಅದು ಸುಟ್ಟರೆ ಕ್ರಿಮಿ ರಕ್ತಕ್ಕೇ ನುಗ್ಗುತ್ತೆ. ಮೈ ಸೋತಾಗ ಕೆಲವು ಸಲ ಜ್ವರ ಏರೋದಿಲ್ಲ, ಇಳಿಯುತ್ತೆ. ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಡಾಕ್ಟರು.

ಎರಡು ಚಮಚ ರಕ್ತದಲ್ಲಿ ಗಂಡನ ಸಾವು ಅಡಗಿ ಕೂತಿತ್ತಲ್ಲ, ಅದನ್ನು ಇವರು ಬೆಳೆಸಿ ಹಿಡಿದರಲ್ಲ ಎಂಬ ಬೆರಗಿನಲ್ಲೇ ಇದ್ದಳು ದ್ಯಾಮಮ್ಮ. ಬೆರಗಾಗಬೇಕಾದದ್ದು ಯಾರು ಯಾರನ್ನು ನೋಡಿಯೋ!

ಮತ್ತೂ ಎರಡು ವಾರ ಅವನು ಸಾವಿನ ಹೊಸ್ತಿಲಲ್ಲೇ ಇದ್ದ. ಒಂದು ಬೆಳಿಗ್ಗೆ ದ್ಯಾಮಮ್ಮ ಎಂದಿನಂತೆ ಹಣೆಯತ್ತ ಕೈ ಚಾಚಿದಳು. ಕೃಷ್ಣಪ್ಪ ಅವಳನ್ನೇ ದಿಟ್ಟಿಸಿದ. ಒಣಗಿದ ತುಟಿ ಮೆಲ್ಲಗೆ ಅಲುಗಿತು.

"ಮುಟ್ಟಬೇಡ ಮಾರಾಯ್ತಿ. ಮೊದ್ಲು ನೀರು ಚಿಮುಕಿಸಿ ನೋಡು."