ಮುಳ್ಳು ಮಗ್ಗುಲು ಬದಲಿಸಿದಾಗ

ಉತ್ತರ ದಿಕ್ಕು ಇದ್ದಲ್ಲೇ ಇರುತ್ತದೆಂಬ ಧೈರ್ಯದ ಮೇಲೆ ನಾವೆಲ್ಲ ಮನೆ ಕಟ್ಟುತ್ತೇವೆ, ರಸ್ತೆ ಹಾಕುತ್ತೇವೆ, ದಾರಿ ತಪ್ಪಿದವರಿಗೆ ಕೈ ತೋರಿಸುತ್ತೇವೆ. ದಿಕ್ಸೂಚಿಯ ಮುಳ್ಳನ್ನು ಎಳೆಯುವ ಭೂಮಿಯ ಕಾಂತಧ್ರುವ ಮಾತ್ರ ಕೂತಲ್ಲಿ ಕೂರದ ಮಗುವಿನಂತೆ ವರ್ಷವರ್ಷವೂ ಜಾಗ ಬದಲಿಸುತ್ತದೆ, ಇತ್ತೀಚಿನ ದಶಕಗಳಲ್ಲಂತೂ ಓಡುತ್ತಲೇ ಇದೆ ಎಂದು ಮೊದಲ ಸಲ ಕೇಳಿದವರು ಬೆಚ್ಚಿಬೀಳುವುದು ಸಹಜ. ಆ ಅಲೆದಾಟವನ್ನು ಅಳೆಯುವುದರಲ್ಲೇ ಬಾಳು ಸವೆಸಿ ಈಗ ನಿವೃತ್ತರಾಗುತ್ತಿರುವವರು ನಮ್ಮ ಕಾಂತ ವೀಕ್ಷಣಾಲಯದ ಮುಖ್ಯಸ್ಥೆ. ಸೇವೆಗೆ ಸೇರಿದ ವರ್ಷವೇ ಅವರು ಎಲ್ಲರ ಬಾಯಲ್ಲಿ ಮುಳ್ಳಕ್ಕನವರಾದರು. ಮುಳ್ಳನ್ನು ನೋಡುತ್ತ ಕೂರುವುದು ಅವರ ಕೆಲಸ. ಮಾತೂ ಸ್ವಲ್ಪ ಹಾಗೇ ಚುಚ್ಚುತ್ತಿತ್ತೆಂಬುದನ್ನು ಅವರ ಈ ಅಭಿನಂದನ ಗ್ರಂಥದಲ್ಲಿಯೂ ಮುಚ್ಚಿಡುವಂತಿಲ್ಲ.

ಅವರು ಕಾಲಿಟ್ಟಾಗ ವೀಕ್ಷಣಾಲಯವೆಂದರೆ ಕಬ್ಬಿಣದ ಒಂದು ಮೊಳೆಯೂ ಇಲ್ಲದ, ಹಿತ್ತಾಳೆಯ ತಿರುಪುಗಳಲ್ಲಿ ಜೋಡಿಸಿದ ಮರದ ಗುಡಿಸಲು. ಒಳಗೆ ಹೋಗುವವರು ಬೀಗದ ಕೈ, ಬೆಲ್ಟು, ಕೂದಲಿನ ಪಿನ್ನು ಎಲ್ಲವನ್ನೂ ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಬೆಲ್ಟು ಬಿಚ್ಚಲು ಹಿಂದೆಮುಂದೆ ನೋಡಿದಾಗ, "ಸಾರ್, ಪ್ಯಾಂಟು ನಿಮ್ಮ ಕೈಲಿರಲಿ, ಬೆಲ್ಟು ನಮ್ಮ ಬುಟ್ಟೀಲಿರಲಿ" ಎಂದರಂತೆ. ಆ ಅಧಿಕಾರಿ ಇಡೀ ತಪಾಸಣೆಯನ್ನು ಒಂದು ಕೈಯಲ್ಲಿ ಪ್ಯಾಂಟು ಹಿಡಿದೇ ಮುಗಿಸಿದರು. ಅದೇ ಮುಳ್ಳಕ್ಕನವರು, ಉಕ್ಕಿನ ಚೌಕಟ್ಟಿನ ಕನ್ನಡಕವನ್ನು ಬುಟ್ಟಿಗೆ ಹಾಕಿ ಗುಡಿಸಲಿನೊಳಗೆ ಕುರುಡನಂತೆ ತಡವರಿಸುತ್ತಿದ್ದ ಹೊಸ ಸಹಾಯಕನನ್ನು ತಾವೇ ಅಂಗಡಿಗೆ ಕರೆದೊಯ್ದು ಪ್ಲಾಸ್ಟಿಕ್ ಚೌಕಟ್ಟು ಹಾಕಿಸಿಕೊಟ್ಟರು. ಆತ ಇಂದು ಈ ಗ್ರಂಥದ ಸಂಪಾದಕರಲ್ಲೊಬ್ಬ.

ಸೇವೆಯ ಮೊದಲ ವರ್ಷಗಳಲ್ಲಿ ಅವರನ್ನು ಬಂದರಿನ ಲಾಂಚು ನಡೆಸುವವರಿಗೆ ಪಾಠ ಹೇಳಲು ಕಳಿಸುತ್ತಿದ್ದರು. ಮುಂದಿನ ಬೆಂಚಿನಲ್ಲಿ ಅವರ ಸ್ವಂತ ಅಣ್ಣನೇ ಕೂತಿರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು ಲಾಂಚು ಸೇರಿ, ತಂಗಿಯನ್ನು ಓದಿಸಿದವನು ಅವನು. ಪಾಠವೂ ಕಷ್ಟದ್ದಲ್ಲ. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಸ್ವಲ್ಪ ವ್ಯತ್ಯಾಸವಿರುತ್ತದೆ. ಮುಳ್ಳು ಎಡಕ್ಕೆ ವಾಲಿದ್ದರೆ ಆ ವ್ಯತ್ಯಾಸವನ್ನು ನಕ್ಷೆಯ ಕೋನಕ್ಕೆ ಕೂಡಿಸಿ ಚುಕ್ಕಾಣಿ ಹಿಡಿಯಬೇಕು, ಬಲಕ್ಕೆ ವಾಲಿದ್ದರೆ ಕಳೆಯಬೇಕು. ಆಗ ನಮ್ಮ ಬಂದರಿನಲ್ಲಿ ಮುಳ್ಳು ಎಡಕ್ಕೆ ವಾಲುತ್ತಿತ್ತು.

ವರ್ಷಗಳು ಉರುಳಿದವು, ಧ್ರುವವೂ ಸರಿಯಿತು, ಮುಳ್ಳು ನಿಧಾನವಾಗಿ ನೆಟ್ಟಗಾಯಿತು. ಅದು ನಿಜವಾದ ಉತ್ತರಕ್ಕೆ ನೇರವಾಗಿ ನಿಂತ ವರ್ಷ ಗುಡಿಸಲಿನ ಮುಂದೆ ಸಿಹಿ ಹಂಚಿದ್ದೂ ಆಯಿತು. ಅಲ್ಲಿಂದಾಚೆಗೆ ಮುಳ್ಳು ಬಲಕ್ಕೆ ವಾಲತೊಡಗಿತು, ವೀಕ್ಷಣಾಲಯ ಅದನ್ನು ವರ್ಷವರ್ಷವೂ ತಪ್ಪಿಲ್ಲದೆ ಅಚ್ಚು ಹಾಕಿಸಿ ಬಂದರಿಗೆ ಕಳಿಸಿತು. ಆದರೆ ಊರಿನವರ ತಲೆ ಬೇರೆಡೆ ಇತ್ತು. ಧ್ರುವ ಓಡುತ್ತಿದೆಯಂತೆ, ಆದ್ದರಿಂದಲೇ ಬೇಸಿಗೆ ಸುಡುತ್ತಿದೆಯಂತೆ, ಬಿರುಗಾಳಿ ಹೆಚ್ಚಿದೆಯಂತೆ ಎಂದು ಪತ್ರಿಕೆಗಳು ಬರೆದವು. ಮುಳ್ಳಕ್ಕನವರು ಸಭೆಯಿಂದ ಸಭೆಗೆ ಓಡಾಡಿ, "ಧ್ರುವ ಸರಿಯೋದಕ್ಕೂ ನಿಮ್ಮ ಸೆಕೆಗೂ ಸಂಬಂಧ ಇದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಹೊಗೆ ಉಗುಳೋರು ನಾವು, ಪಾಪ ಧ್ರುವದ ಮೇಲೆ ಯಾಕ್ರೀ ಗೂಬೆ ಕೂರಿಸ್ತೀರಾ?" ಎಂದು ಗಂಟಲು ಹರಿದುಕೊಂಡರು. ಅಷ್ಟೆಲ್ಲ ಪ್ರಶ್ನೆ ಕೇಳಿದವರಲ್ಲಿ ಕೂಡಿಸುವುದೋ ಕಳೆಯುವುದೋ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಲಾಂಚುಗಳಿಗೆಲ್ಲ ಜಿಪಿಎಸ್ ಬಂದಿತ್ತು, ದಿಕ್ಸೂಚಿ ಮೂಲೆಯ ದೇವರಾಗಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ದ್ವೀಪದಲ್ಲಿ ಅಳತೆ ಮಾಡಲೆಂದು ಮುಳ್ಳಕ್ಕನವರು ಉಪಕರಣದ ಮರದ ಪೆಟ್ಟಿಗೆಯೊಂದಿಗೆ ಅಣ್ಣನ ಲಾಂಚು ಹತ್ತಿದರು. ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟವರು, ಸಂತೆಯ ಮೂಟೆಗಳು, ಲಾಂಚು ತುಂಬಿತ್ತು. ನಡುನೀರಿಗೆ ಬಂದಾಗ ಮಂಜು ಕವಿಯಿತು, ಜಿಪಿಎಸ್ಸಿನ ಪರದೆ ಕಪ್ಪಾಯಿತು. ಅಣ್ಣ ಗಾಬರಿಯಾಗಲಿಲ್ಲ. ದಿಕ್ಸೂಚಿಯ ಗಾಜು ಒರೆಸಿ, ನಕ್ಷೆ ನೋಡಿ, ಲೆಕ್ಕ ಹಾಕಿ ಚುಕ್ಕಾಣಿ ತಿರುಗಿಸಿದ. ಮುಳ್ಳಕ್ಕನವರು ಪಕ್ಕದಲ್ಲೇ ನಿಂತು ಅಣ್ಣನ ಹಳೆಯ ಕೈಚಳಕವನ್ನು ಹೆಮ್ಮೆಯಿಂದ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ, ದೂರವಿರಬೇಕಾಗಿದ್ದ ಬಂಡೆಗಳಿಗೆ ಅಲೆ ಬಡಿಯುವ ಸದ್ದು ಕೈಗೆಟಕುವಷ್ಟು ಹತ್ತಿರದಲ್ಲಿ ಕೇಳಿಸಿತು.

"ಅಣ್ಣಾ, ವ್ಯತ್ಯಾಸ ಏನ್ ಮಾಡ್ದೆ?"

"ಏನ್ ಮಾಡೋದು? ಕೂಡಿಸ್ದೆ."

"ಕಳೀಬೇಕು ಅಣ್ಣಾ! ಮುಳ್ಳು ಈಗ ಬಲಕ್ಕಿದೆ, ಕಳೀಬೇಕು! ಎಡಕ್ಕೆ ತಿರುಗ್ಸು!"

"ತಮಾಷೆ ಮಾಡ್ತೀಯೇನೇ ಪುಟ್ಟಿ? ಇಷ್ಟು ವರ್ಷ ಕೂಡಿಸ್ಕೊಂಡೇ ಬಂದಿದೀನಿ."

"ಯಾರು ಹೇಳಿದ್ದು ನಿಂಗೆ?"

"ನೀನೇ! ‘ನಮ್ಮ ಬಂದರಿನಲ್ಲಿ ಯಾವಾಗ್ಲೂ ಕೂಡಿಸಿ, ಇಷ್ಟು ನೆನಪಿಟ್ರೆ ಸಾಕು’ ಅಂತ ಕ್ಲಾಸಲ್ಲಿ ನೂರು ಸಲ ಹೇಳಿಸಿದ್ಯಲ್ಲ!"

ಮುಳ್ಳಕ್ಕನವರಿಗೆ ಸಿಡಿಲು ಬಡಿದಂತಾಯಿತು. ಯಾವುದೂ ಯಾವಾಗಲೂ ಹಾಗೇ ಇರುವುದಿಲ್ಲವೆಂಬುದೇ ಅವರ ಶಾಸ್ತ್ರದ ಮೊದಲ ಅಕ್ಷರ. ‘ಯಾವಾಗಲೂ’ ಎಂದು ಹೇಳಿಕೊಟ್ಟವರು ತಾವೇ! ಅಣ್ಣ ತಂಗಿಯ ಬಿಳಿಚಿದ ಮುಖ ನೋಡಿದ, ಎರಡನೆಯ ಮಾತಿಲ್ಲದೆ ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ಹೊರಳಿಸಿದ. ಮಂಜಿನೊಳಗಿಂದ ಬಂಡೆಯ ಕಪ್ಪು ಮೈ ಎದ್ದು ಬಂದು ಲಾಂಚಿನ ಪಕ್ಕದಲ್ಲೇ ಜಾರಿಹೋಯಿತು. ಕೆಳಗೆ ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟಿದರು.

ದಡ ಸೇರಿದ ಮೇಲೆ ಅಣ್ಣ ತಂಗಿಯನ್ನು ಪಕ್ಕಕ್ಕೆ ಕರೆದ. "ಯಾರಿಗೂ ಏನೂ ಆಗಿಲ್ವಲ್ಲ ಪುಟ್ಟಿ. ಇಲ್ಲಿಗೇ ಬಿಟ್ಬಿಡು. ಇನ್ನು ಸ್ವಲ್ಪ ದಿನಕ್ಕೆ ನಾನೇ ಗೌರವವಾಗಿ ಕೆಲಸದಿಂದ ಇಳೀತೀನಿ."

"ನಿನ್ ಜೊತೆ ಬೆಂಚಲ್ಲಿ ಕೂತೋರೆಲ್ಲ ಅದೇ ಪಾಠ ಕಲಿತೋರು ಅಣ್ಣಾ. ನಾಳೆ ಅವ್ರಿಗೂ ಮಂಜು ಬೀಳುತ್ತೆ."

ಅಂದೇ ಅವರು ನಡೆದದ್ದನ್ನೆಲ್ಲ ಬಂದರಿನ ಅಧಿಕಾರಿಗಳಿಗೆ ಬರೆದುಕೊಟ್ಟರು. ವಿಚಾರಣೆಯ ಕೋಣೆಯಲ್ಲಿ ಮುಳ್ಳಕ್ಕನವರು ಎದ್ದುನಿಂತು, ತಪ್ಪು ಕಲಿಸಿದವಳು ತಾನು, ಶಿಕ್ಷೆಯೂ ತನಗೇ ಸಲ್ಲಬೇಕು ಎಂದರು. ಆಮೇಲೆ ಬಂದರಿನ ಒಬ್ಬೊಬ್ಬ ಕ್ಯಾಪ್ಟನ್ನನ ಮುಂದೆಯೂ ಕೂತು ಲೆಕ್ಕ ಹಾಕಿಸಿದರೆ, ಅಯ್ಯೋ, ಹೆಚ್ಚುಕಮ್ಮಿ ಎಲ್ಲರೂ ಕೂಡಿಸಿದರು! ಅಚ್ಚಾದ ಹಾಳೆಯ ಅಂಕಿ ನೋಡುತ್ತಿದ್ದರೇ ಹೊರತು ಮುಳ್ಳು ಯಾವ ಮಗ್ಗುಲಿಗಿದೆಯೆಂದು ನೋಡುತ್ತಿರಲಿಲ್ಲ. ತೀರ್ಪು ಬಂದಾಗಲಂತೂ ನಾವೆಲ್ಲ ದಂಗಾದೆವು. ತಂಗಿಗೆ ಪ್ರಶಂಸಾಪತ್ರ, ಅಣ್ಣನಿಗೆ ಚುಕ್ಕಾಣಿ ಮುಟ್ಟಬಾರದೆಂಬ ಆಜ್ಞೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಮುಳ್ಳಕ್ಕನವರು ಪ್ರಶಂಸಾಪತ್ರವನ್ನು ಹಿಂದಿರುಗಿಸಿದರು, ಮೇಲಿನವರ ಬಾಗಿಲು ಬಡಿದರು, ಆಜ್ಞೆ ಮಾತ್ರ ಹಿಂದೆ ಸರಿಯಲಿಲ್ಲ. ಅಂದಿನಿಂದ ಅಣ್ಣ ತಂಗಿಯ ನಡುವೆ ಮಾತು ನಿಂತಿತು. ಅವನ ಮನೆಯ ಬೀದಿ ಬಂದರೆ ಅವರು ಬೇರೆ ಬೀದಿ ಹಿಡಿಯುತ್ತಿದ್ದರು.

ಉಳಿದ ಸೇವಾವಧಿಯನ್ನು ಅವರು ಬಂದರಿನಲ್ಲೇ ಕಳೆದರೆಂದರೂ ಸರಿಯೇ. ಕಾಗದ ಕಳಿಸಿ ಕೈ ತೊಳೆದುಕೊಳ್ಳದೆ, ಪ್ರತಿ ವರ್ಷ ಪ್ರತಿಯೊಬ್ಬ ಕ್ಯಾಪ್ಟನ್ನನಿಂದಲೂ ಎದುರಿಗೇ ಲೆಕ್ಕ ಮಾಡಿಸುವ ಇಂದಿನ ಪದ್ಧತಿ ಅವರದು. ಈ ಗ್ರಂಥದ ಪ್ರಸ್ತಾಪ ಬಂದಾಗ, "ಚುಕ್ಕಾಣಿ ಕಳ್ಕೊಂಡೋನಿಗೆ ಯಾವ ಗ್ರಂಥ ತರ್ತೀರಿ?" ಎಂದು ಗದರಿದರು. ಕೊನೆಗೆ, ಮಂಜಿನ ಆ ಬೆಳಗನ್ನು ಇದ್ದದ್ದು ಇದ್ದಂತೆ ಬರೆಯಬೇಕು, ಅಚ್ಚಿಗೆ ಮುಂಚೆ ಅಣ್ಣನಿಗೆ ಓದಿಹೇಳಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು.

ಸಂಪಾದಕರು ಹೋಗಿ ಓದಿಹೇಳಿದರು. ಮರುದಿನ ಬೆಳಗ್ಗೆ ಮುಳ್ಳಕ್ಕನವರು ಬಾಗಿಲು ತೆರೆದರೆ ಹೊರಗೆ ಅಣ್ಣ ನಿಂತಿದ್ದ.

"‘ಮಾತು ನಿಂತಿತು’ ಅಂತ ಬರ್ಸಿದೀಯಂತೆ," ಎಂದ ಅಣ್ಣ ಒಳಬರದೆ. "ನಾನ್ಯಾವಾಗ ನಿಲ್ಸಿದ್ದೆ? ಚುಕ್ಕಾಣಿ ಹೋದ ದಿನದಿಂದ ದಿನಾ ಸಂಜೆ ಬಾಗಿಲು ತೆಗೆದಿಟ್ಕೊಂಡು ಕೂತಿದ್ದೆ, ಇವತ್ತು ಪುಟ್ಟಿ ಬರ್ತಾಳೆ ಅಂತ. ನೀನೇ ಬರ್ಲಿಲ್ಲ."

"ನಿಂಗೆ ಕೋಪ ಅಂದ್ಕೊಂಡಿದ್ದೆ ಅಣ್ಣಾ..."

"ಕೋಪಾನಾ? ಅಷ್ಟು ಮಕ್ಕಳ ಜೀವ ಉಳ್ಸಿದೋಳ ಮೇಲೆ?" ಅವನು ಚಪ್ಪಲಿ ಕಳಚಿದ. "ಆ ಬರೆಯೋರಿಗೆ ಹೇಳು. ನಮ್ಮ ಪುಟ್ಟಿ ನೂರು ವರ್ಷ ಬಾಳ್ಲಿ ಅಂತ ಹಾಕ್ಲಿ. ಸುಮ್ನೆ ಕೂರಲ್ಲ, ಬಂದರಲ್ಲಿ ಇನ್ಮೇಲೆ ಪಾಠ ಹೇಳೋಕೆ ನಾವಿಬ್ರೂ ಹೋಗ್ತೀವಿ ಅಂತಾನೂ ಹಾಕ್ಲಿ. ಈಗ ದಾರಿ ಬಿಡು, ಒಳಗೆ ಬರ್ತೀನಿ."

ಅವನು ಹೇಳಿದಂತೆಯೇ ಹಾಕಿದ್ದೇವೆ, ಹಾಗೆಯೇ ಆಗಲಿ.